ಆಕಾಶ ನೋಡಿ ಭೂಕಂಪ ಹೇಳಬಹುದೇ? ಮಷೀನ್ ಲರ್ನಿಂಗ್ ಕುರಿತು ಓದುಗರ ಪ್ರಶ್ನೆಗಳು

ಭೂಕಂಪಕ್ಕೆ ಮುನ್ನ ವಾತಾವರಣದಲ್ಲಿ ಕಾಣಿಸಿಕೊಳ್ಳುತ್ತವೆ ಎನ್ನಲಾಗುವ ಬದಲಾವಣೆಗಳನ್ನು ಕಂಪ್ಯೂಟರಿನಿಂದ ಗುರುತಿಸುವ ಪ್ರಯತ್ನಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಬಂಡೆ ಸೀಳುವುದು ನೆಲದಡಿ ಹತ್ತು-ಇಪ್ಪತ್ತು ಕಿಲೋಮೀಟರ್ ಆಳದಲ್ಲಿ. ಆ ಸುದ್ದಿ ಆಕಾಶಕ್ಕೆ ಮೊದಲೇ ಮುಟ್ಟುವುದು ಹೇಗೆ?

ಉತ್ತರ: ಮುಟ್ಟುತ್ತದೆ ಎಂಬುದು ಇನ್ನೂ ಊಹೆ, ಆದರೆ ಬುಡವಿಲ್ಲದ ಊಹೆಯಲ್ಲ. ಮುಖ್ಯವಾಗಿ ಎರಡು ದಾರಿಗಳನ್ನು ಹೇಳುತ್ತಾರೆ. ಒಂದು, ರೇಡಾನ್ ದಾರಿ. ಬಂಡೆಯಲ್ಲಿರುವ ಯುರೇನಿಯಂ ಹಂತಹಂತವಾಗಿ ಕ್ಷಯಿಸುವಾಗ ರೇಡಾನ್-222 ಅನಿಲ ಹುಟ್ಟುತ್ತದೆ. ಒತ್ತಡ ಏರಿದಾಗ ಸಣ್ಣ ಬಿರುಕುಗಳು ತೆರೆದುಕೊಂಡು ಅದು ಹೊರಬರುತ್ತದೆ. ಅದರ ಆಲ್ಫಾ ಕಣಗಳು ನೆಲಮಟ್ಟದ ಗಾಳಿಯಲ್ಲಿ ಅಯಾನುಗಳನ್ನು ಹುಟ್ಟಿಸುತ್ತವೆ. ಅಯಾನುಗಳ ಸುತ್ತ ನೀರಾವಿ ಕೂಡಿಕೊಂಡಾಗ ಗುಪ್ತೋಷ್ಣ ಬಿಡುಗಡೆಯಾಗುತ್ತದೆ, ಗಾಳಿಯ ವಿದ್ಯುತ್ ವಾಹಕತೆಯೂ ಬದಲಾಗುತ್ತದೆ, ಅದರ ಪರಿಣಾಮ ಅಯಾನುಗೋಳದವರೆಗೆ, ಅಂದರೆ ವಾತಾವರಣದ ಮೇಲ್ಭಾಗದಲ್ಲಿ ಅಯಾನು-ಎಲೆಕ್ಟ್ರಾನ್‌ಗಳು ತುಂಬಿರುವ ಪದರದವರೆಗೆ, ಏರುತ್ತದೆ. ವಿಜ್ಞಾನಿಗಳಾದ ಪುಲಿನೆಟ್ಸ್ ಮತ್ತು ಔಝೌನೋವ್ ಮುಂದಿಟ್ಟ ಸರಪಳಿ ಇದು. ಎರಡನೆಯದು ಫ್ರೀಡೆಮನ್ ಫ್ರಾಯ್ಂಡ್ ಅವರದು: ಒತ್ತಡಕ್ಕೆ ಸಿಕ್ಕ ಅಗ್ನಿಶಿಲೆಯಲ್ಲಿ ಧನಾವೇಶದ ವಾಹಕಗಳು ಎಚ್ಚೆತ್ತು, ಒತ್ತಡವಿಲ್ಲದ ಕಡೆಗೆ, ಅಂದರೆ ಮೇಲ್ಮೈಯತ್ತ ಹರಿಯುತ್ತವೆ.

ಈ ಸರಪಳಿಯ ಒಂದೊಂದು ಕೊಂಡಿಗೂ ಪ್ರಯೋಗಾಲಯದಲ್ಲೋ ಹೊರಗಿನ ಅಳತೆಯಲ್ಲೋ ಒಂದಿಷ್ಟು ಆಧಾರ ಸಿಗುತ್ತದೆ. ಇಡೀ ಸರಪಳಿ ಒಂದು ನಿಜವಾದ ಭೂಕಂಪಕ್ಕೆ ಮುನ್ನ ಕೆಲಸ ಮಾಡಿತು ಎಂದು ಎಲ್ಲರೂ ಒಪ್ಪುವಂತೆ ತೋರಿಸಿದ ಉದಾಹರಣೆ ಇಲ್ಲ. 2004ರಿಂದ 2010ರವರೆಗೆ ಹಾರಿದ ಫ್ರಾನ್ಸಿನ ಡಿಮೀಟರ್ ಉಪಗ್ರಹದ ದತ್ತಾಂಶದಲ್ಲಿ, ಕಡಿಮೆ ಆಳದ ದೊಡ್ಡ ಭೂಕಂಪಗಳಿಗೆ 0ರಿಂದ 4 ಗಂಟೆ ಮುನ್ನ, ರಾತ್ರಿ ಹೊತ್ತಿನಲ್ಲಿ, 1.7 ಕಿಲೋಹರ್ಟ್ಸ್ ಸುತ್ತಮುತ್ತ ರೇಡಿಯೋ ಅಲೆಗಳ ತೀವ್ರತೆ ತುಸು ತಗ್ಗುವುದು ಕಂಡಿತು. ಆದರೆ ಅದು ಸಾವಿರಾರು ಭೂಕಂಪಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಾಗ ಕಂಡದ್ದು. ಒಂದೇ ಭೂಕಂಪವನ್ನು ತೆಗೆದುಕೊಂಡರೆ ಆ ಇಳಿತ ದಿನನಿತ್ಯದ ಏರಿಳಿತದೊಳಗೆ ಮುಳುಗಿಹೋಗುತ್ತದೆ. ಸರಾಸರಿಯಲ್ಲಿ ಕಾಣುವುದಕ್ಕೂ ನಾಳೆಗೆ ಎಚ್ಚರಿಕೆ ಕೊಡುವುದಕ್ಕೂ ನಡುವೆ ಇರುವ ಈ ಕಂದಕವನ್ನು ಮಷೀನ್ ಲರ್ನಿಂಗ್, ಅಂದರೆ ದತ್ತಾಂಶದಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನ, ದಾಟಿಸಬಹುದೇ ಎಂಬುದೇ ಈಗಿನ ಪ್ರಶ್ನೆ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಜಿಪಿಎಸ್‌ನಿಂದ ಸಿಗುವ ಎಲೆಕ್ಟ್ರಾನ್ ಲೆಕ್ಕವನ್ನು ಎಲ್‌ಎಸ್‌ಟಿಎಂ ಜಾಲಕ್ಕೆ (ಕಾಲಕ್ರಮದ ದತ್ತಾಂಶದಿಂದ ಕಲಿಯುವ ಮಷೀನ್ ಲರ್ನಿಂಗ್ ಮಾಡೆಲ್) ಕೊಟ್ಟು ಭೂಕಂಪದ ಸುಳಿವು ಹುಡುಕಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಒಳ್ಳೆಯ ಆಯ್ಕೆ, ದತ್ತಾಂಶ ಉಚಿತವಾಗಿ ಸಿಗುತ್ತದೆ, ಅಳತೆಯ ಭೌತಶಾಸ್ತ್ರವೂ ಸ್ಪಷ್ಟ. ನೀವು ಅಳೆಯುವುದು ಒಟ್ಟು ಎಲೆಕ್ಟ್ರಾನ್ ಪ್ರಮಾಣ, ಎಲ್ಲರೂ ಟಿಇಸಿ ಎನ್ನುತ್ತಾರೆ. ಉಪಗ್ರಹದಿಂದ ರಿಸೀವರ್‌ವರೆಗಿನ ಒಂದು ಚದರ ಮೀಟರ್ ಅಡ್ಡಕೊಯ್ತದ ಕಂಬದಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂಬ ಲೆಕ್ಕ. 10ರ ಘಾತ 16 ಎಲೆಕ್ಟ್ರಾನ್ ಎಂದರೆ ಒಂದು ಯೂನಿಟ್.

ಸುಲಭದ ದಾರಿ ಐಯೋನೆಕ್ಸ್ ಕಡತಗಳದು. 1998ರಿಂದ ಇಡೀ ಭೂಗೋಳದ ನಕ್ಷೆಗಳು ಈ ರೂಪದಲ್ಲಿವೆ: ಅಕ್ಷಾಂಶದಲ್ಲಿ 2.5 ಡಿಗ್ರಿ, ರೇಖಾಂಶದಲ್ಲಿ 5 ಡಿಗ್ರಿ ಅಂತರ, 71 ಅಡ್ಡಸಾಲು, 73 ಕಂಬಸಾಲು, ಸಾಮಾನ್ಯವಾಗಿ ಎರಡು ಗಂಟೆಗೊಂದು ನಕ್ಷೆ. ಹೊಸಬರು ಎಡವುವ ಎರಡು ಕಡೆಗಳಿವೆ. ಕಡತದ ತಲೆಬರಹದಲ್ಲಿ ಘಾತಾಂಕ ಬರೆದಿರುತ್ತದೆ. ಅದು ಸಾಮಾನ್ಯವಾಗಿ -1, ಹಾಗಾಗಿ ಓದಿದ ಸಂಖ್ಯೆಯನ್ನು 0.1ರಿಂದ ಗುಣಿಸಬೇಕು. 9999 ಎಂದಿದ್ದರೆ ಅಲ್ಲಿ ಅಳತೆಯೇ ಇಲ್ಲ ಎಂದರ್ಥ. ಅದನ್ನು ಹಾಗೇ ಮಾಡೆಲ್‌ಗೆ ತಿನ್ನಿಸಿದರೆ ಪ್ರಪಂಚದ ಅತಿ ದೊಡ್ಡ ‘ಮುನ್ಸೂಚನೆ’ ಸಿಕ್ಕಿಬಿಡುತ್ತದೆ. ಇದಕ್ಕಿಂತ ಗಂಭೀರವಾದ ಮಿತಿ ಇನ್ನೊಂದು: ರಿಸೀವರ್‌ಗಳೇ ಇಲ್ಲದ ಸಾಗರದ ಮೇಲಿನ ಬೆಲೆಗಳು ಅಳೆದವಲ್ಲ, ಗಣಿತದಿಂದ ತುಂಬಿದವು. ಅನೇಕ ದೊಡ್ಡ ಭೂಕಂಪಗಳು ಸಮುದ್ರದಂಚಿನಲ್ಲೇ ಆಗುವುದರಿಂದ ಇದು ಸಣ್ಣ ವಿಷಯವಲ್ಲ. ನಿಮ್ಮ ಆಯ್ದ ಚೌಕದ 500 ಕಿಲೋಮೀಟರ್ ಒಳಗೆ ಎಷ್ಟು ರಿಸೀವರ್‌ಗಳಿದ್ದವು ಎಂದು ಮೊದಲು ನೋಡಿ.

ಸಮಯವಿದ್ದರೆ ಕಷ್ಟದ ದಾರಿಯನ್ನೇ ಹಿಡಿಯಿರಿ. ರಿಸೀವರ್‌ಗಳ ರೈನೆಕ್ಸ್ ಕಡತದಲ್ಲಿ 30 ಸೆಕೆಂಡಿಗೊಂದು ಅಳತೆ ಇರುತ್ತದೆ. ಎಲ್1 ಸಂಕೇತ 1575.42 ಮೆಗಾಹರ್ಟ್ಸ್, ಎಲ್2 ಸಂಕೇತ 1227.60. ಅಯಾನುಗೋಳ ಎರಡನ್ನೂ ಬೇರೆಬೇರೆ ಪ್ರಮಾಣದಲ್ಲಿ ತಡವಾಗಿಸುತ್ತದೆ. ಒಂದು ಟಿಇಸಿ ಯೂನಿಟ್‌ಗೆ ಇವೆರಡರ ನಡುವೆ ಸುಮಾರು 10.5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಉಪಗ್ರಹ ಮತ್ತು ರಿಸೀವರ್‌ಗಳ ಸರ್ಕ್ಯೂಟಿನೊಳಗೂ ಎರಡು ಸಂಕೇತಗಳಿಗೆ ಬೇರೆಬೇರೆ ವಿಳಂಬ ಇರುತ್ತದೆ. ಅದನ್ನು ಕಳೆಯದಿದ್ದರೆ, ಒಂದು ನ್ಯಾನೋಸೆಕೆಂಡಿನ ದೋಷಕ್ಕೆ 2.85 ಯೂನಿಟ್ ತಪ್ಪು ಸೇರಿಕೊಳ್ಳುತ್ತದೆ. ಸಂಕೇತದ ಕೊಂಡಿ ಕಡಿದು ಮತ್ತೆ ಸೇರಿದಾಗ ರೇಖೆ ಥಟ್ಟನೆ ಹಾರುವುದುಂಟು. ಆ ಹಾರಿಕೆಗಳನ್ನು ಗುರುತಿಸಿ ಸರಿಪಡಿಸಿ. ದಿಗಂತದಿಂದ 30 ಡಿಗ್ರಿಗಿಂತ ಕೆಳಗಿರುವ ಉಪಗ್ರಹಗಳನ್ನು ಬಿಟ್ಟುಬಿಡಿ, ಓರೆ ದಾರಿಯ ಲೆಕ್ಕವನ್ನು ನೆಟ್ಟಗಿನ ಲೆಕ್ಕಕ್ಕೆ ತಿರುಗಿಸುವಾಗ ತಪ್ಪು ಹೆಚ್ಚುವುದು ಅಲ್ಲಿಯೇ.

ಇನ್ನು ಭೂಕಂಪಗಳ ಪಟ್ಟಿ. ಪ್ರಮಾಣ 6 ಮತ್ತು ಹೆಚ್ಚು, ಆಳ 40 ಕಿಲೋಮೀಟರ್ ಒಳಗೆ ಎಂದು ಇಟ್ಟುಕೊಳ್ಳಿ. ಪಶ್ಚಾತ್ ಕಂಪನಗಳನ್ನು ತೆಗೆದುಹಾಕುವುದು ಕಡ್ಡಾಯ. ಯಾವ ದೂರದವರೆಗೆ ಹುಡುಕಬೇಕು ಎಂಬುದಕ್ಕೆ ದೊಬ್ರೊವೊಲ್ಸ್ಕಿ ಸೂತ್ರ ಬಳಕೆಯಲ್ಲಿದೆ: ಪ್ರಮಾಣವನ್ನು 0.43ರಿಂದ ಗುಣಿಸಿ, ಬಂದದ್ದನ್ನು 10ರ ಘಾತವಾಗಿ ಇಟ್ಟರೆ ತ್ರಿಜ್ಯ ಕಿಲೋಮೀಟರಿನಲ್ಲಿ ಸಿಗುತ್ತದೆ. ಪ್ರಮಾಣ 6ಕ್ಕೆ ಸುಮಾರು 380, 7ಕ್ಕೆ ಸುಮಾರು 1020, 8ಕ್ಕೆ 2750. ಕೊನೆಯದನ್ನು ಒಮ್ಮೆ ನಕ್ಷೆಯ ಮೇಲೆ ಎಳೆದು ನೋಡಿ. ಅಷ್ಟು ದೊಡ್ಡ ವೃತ್ತದೊಳಗೆ ಯಾವ ವಾರವಾದರೂ ಏನಾದರೊಂದು ವಿಚಿತ್ರ ಸಿಕ್ಕೇ ಸಿಗುತ್ತದೆ.

ಮಾಡೆಲ್‌ಗೆ ನೇರವಾಗಿ ‘ಭೂಕಂಪ ಬರುತ್ತದೆಯೇ’ ಎಂದು ಕಲಿಸಬೇಡಿ. ಮೊದಲು ಅಯಾನುಗೋಳದ ಸಹಜ ನಡೆಯನ್ನು ಕಲಿಸಿ. ಹಿಂದಿನ ದಿನಗಳ ಟಿಇಸಿ, ಸ್ಥಳೀಯ ಸಮಯ, ವರ್ಷದಲ್ಲಿ ಎಷ್ಟನೇ ದಿನ, ಸೂರ್ಯನ ಎಫ್10.7 ರೇಡಿಯೋ ಸೂಚಿ, ಭೂಕಾಂತೀಯ ಕ್ಷೋಭೆಯನ್ನು ಹೇಳುವ ಕೆಪಿ ಮತ್ತು ಡಿಎಸ್‌ಟಿ ಸೂಚಿಗಳು ಇಷ್ಟನ್ನು ಕೊಟ್ಟು, ಮುಂದಿನ ದಿನದ ಟಿಇಸಿ ಹೇಳಿಸಿ. ನಿಜವಾದ ಅಳತೆಯಿಂದ ಅದನ್ನು ಕಳೆದಾಗ ಉಳಿಯುವ ಶೇಷವೇ ನಿಮ್ಮ ಕಚ್ಚಾ ಸಾಮಗ್ರಿ. ಕೆಪಿ 3 ದಾಟಿದ ದಿನಗಳನ್ನೂ ಡಿಎಸ್‌ಟಿ -30 ನ್ಯಾನೋಟೆಸ್ಲಾಗಿಂತ ಕೆಳಗಿಳಿದ ದಿನಗಳನ್ನೂ ಅವುಗಳ ನಂತರದ ಎರಡು ದಿನಗಳನ್ನೂ ಲೆಕ್ಕದಿಂದ ಹೊರಗಿಡಿ. ಭೂಕಾಂತೀಯ ಕ್ಷೋಭೆ ನಿಂತರೂ ಅಯಾನುಗೋಳ ತಕ್ಷಣ ಸುಧಾರಿಸಿಕೊಳ್ಳುವುದಿಲ್ಲ.

ಸಮಭಾಜಕದ ಎರಡೂ ಪಕ್ಕಗಳಲ್ಲಿ, ಕಾಂತೀಯ ಅಕ್ಷಾಂಶ 15 ಡಿಗ್ರಿ ಆಸುಪಾಸಿನಲ್ಲಿ, ಎಲೆಕ್ಟ್ರಾನ್‌ಗಳು ದಿನವೂ ಗುಡ್ಡೆಕಟ್ಟುತ್ತವೆ. ಆ ಗುಡ್ಡೆ ದಿನದಿಂದ ದಿನಕ್ಕೆ ಜಾಗ ಬದಲಿಸುತ್ತದೆ. ಮೊದಲ ಪ್ರಾಜೆಕ್ಟ್‌ಗೆ ಆ ಪಟ್ಟಿಯನ್ನು ಬಿಟ್ಟು ಮಧ್ಯ ಅಕ್ಷಾಂಶದ ಪ್ರದೇಶ ಆರಿಸಿಕೊಳ್ಳುವುದು ಮೇಲು.

ಪ್ರಶ್ನೆ: ಹಿಂದಿನ 15 ದಿನಗಳ ಮಧ್ಯಾಂಕ ತೆಗೆದು, ಅದರಿಂದ ಚತುರ್ಥಕ ಅಂತರದ (ನಡುವಿನ ಅರ್ಧದಷ್ಟು ಬೆಲೆಗಳು ಹರಡಿರುವ ಅಗಲ) 1.5 ಪಟ್ಟಿಗಿಂತ ದೂರ ಹೋದದ್ದನ್ನು ಅಸಹಜ ಎಂದು ಪರಿಗಣಿಸುವ ವಿಧಾನ ಅನೇಕ ಪ್ರಬಂಧಗಳಲ್ಲಿದೆ. ಅದು ಸಾಲದೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಬೆಲೆಗಳು ಸಾಮಾನ್ಯ ವಿತರಣೆಯಲ್ಲಿದ್ದರೆ ಈ ಗೆರೆ ಸುಮಾರು ಎರಡು ಮಾನಕ ವಿಚಲನೆಯಷ್ಟು ದೂರದಲ್ಲಿ ಬೀಳುತ್ತದೆ. ಅಂದರೆ ಏನೂ ನಡೆಯದಿದ್ದರೂ 100ರಲ್ಲಿ 4ಕ್ಕೂ ಹೆಚ್ಚು ಬೆಲೆಗಳು ಗೆರೆ ದಾಟುತ್ತವೆ. ದಿನಕ್ಕೆ 12 ನಕ್ಷೆಯಂತೆ ಐದು ದಿನಕ್ಕೆ 60 ಬೆಲೆಗಳು. ಅವು ಒಂದನ್ನೊಂದು ಅವಲಂಬಿಸಿಲ್ಲ ಎಂದುಕೊಂಡರೆ, ಕನಿಷ್ಠ ಒಂದಾದರೂ ಗೆರೆ ದಾಟುವ ಸಾಧ್ಯತೆ ಶೇ 93. ವಾಸ್ತವದಲ್ಲಿ ಪಕ್ಕಪಕ್ಕದ ಬೆಲೆಗಳು ಜೊತೆಯಾಗಿ ಏರಿಳಿಯುವುದರಿಂದ ಈ ಅಂಕಿ ಬದಲಾಗುತ್ತದೆ, ಆದರೆ ತೊಂದರೆ ಉಳಿಯುತ್ತದೆ: ಭೂಕಂಪಕ್ಕೆ ಐದು ದಿನ ಮುನ್ನ ‘ಅಸಹಜ’ ಸಿಕ್ಕಿತು ಎಂಬುದು, ಯಾವುದೇ ಐದು ದಿನಗಳ ಬಗ್ಗೆ ಹೇಳಬಹುದಾದ ಮಾತು. ಮೇಲಾಗಿ ಸೂರ್ಯ ಸುಮಾರು 27 ದಿನಕ್ಕೊಮ್ಮೆ ಸುತ್ತುತ್ತಾನೆ. 15 ದಿನದ ಕಿಟಕಿ ಆ ಏರಿಳಿತದ ಹಿಂದೆ ಸದಾ ತಡವಾಗಿ ಓಡುತ್ತಿರುತ್ತದೆ. ಸೂರ್ಯನ ಚುರುಕಾದ ಮುಖ ಭೂಮಿಯತ್ತ ತಿರುಗಿದಾಗಲೆಲ್ಲ ಗೆರೆ ದಾಟುವಿಕೆಗಳು ಸಾಲುಗಟ್ಟುತ್ತವೆ.

ಪ್ರಶ್ನೆ: ನಮ್ಮ ಮಾಡೆಲ್ ಶೇ 96 ನಿಖರತೆ ಕೊಟ್ಟಿದೆ. ಗೈಡ್ ಪ್ರಕಟಿಸಲು ಹೇಳುತ್ತಿದ್ದಾರೆ. ಕಳುಹಿಸಬಹುದೇ?

ಉತ್ತರ: ದಯವಿಟ್ಟು ತಡೆಯಿರಿ. ಮೊದಲು ‘ಯಾವತ್ತೂ ಭೂಕಂಪ ಆಗುವುದಿಲ್ಲ’ ಎಂದಷ್ಟೇ ಹೇಳುವ ಒಂದು ಸಾಲಿನ ಪ್ರೋಗ್ರಾಂ ಬರೆದು ಅದರ ನಿಖರತೆ ನೋಡಿ. ಒಂದು ಪ್ರದೇಶದಲ್ಲಿ ವರ್ಷಕ್ಕೊಂದು ದೊಡ್ಡ ಭೂಕಂಪ ಎಂದುಕೊಂಡರೆ, ವಾರದ ಲೆಕ್ಕದಲ್ಲಿ ಆ ಪ್ರೋಗ್ರಾಂ 52ರಲ್ಲಿ 51 ವಾರ ಸರಿ. ಶೇ 98.

ಈಗ ನಿಜಕ್ಕೂ ಒಳ್ಳೆಯ ಮಾಡೆಲ್ ಒಂದನ್ನು ಕಲ್ಪಿಸಿಕೊಳ್ಳಿ: ಭೂಕಂಪದ ವಾರಗಳಲ್ಲಿ ಶೇ 90 ಹಿಡಿಯುತ್ತದೆ, ಶಾಂತ ವಾರಗಳಲ್ಲಿ ಶೇ 90 ಸುಮ್ಮನಿರುತ್ತದೆ. ವರ್ಷಕ್ಕೆ ಸುಳ್ಳು ಎಚ್ಚರಿಕೆ ಐದು, ನಿಜದ್ದು ಒಂದಕ್ಕೂ ಕಡಿಮೆ. ಎಚ್ಚರಿಕೆ ಬಂದಾಗ ಅದು ನಿಜವಾಗುವ ಸಾಧ್ಯತೆ ಶೇ 15. ಆರರಲ್ಲಿ ಐದು ಸಲ ಜನ ಸುಮ್ಮನೆ ಮನೆ ಬಿಟ್ಟು ಹೊರಗೆ ಮಲಗಬೇಕು.

ನಿಮ್ಮ ಶೇ 96 ಎಲ್ಲಿಂದ ಬಂತು ಎಂದು ಹುಡುಕುವಾಗ ಮೊದಲು ನೋಡಬೇಕಾದ್ದು ತರಬೇತಿ ಮತ್ತು ಪರೀಕ್ಷೆಯ ದತ್ತಾಂಶವನ್ನು ಹೇಗೆ ಬೇರೆ ಮಾಡಿದ್ದೀರಿ ಎಂಬುದನ್ನು. ಇಸ್ಪೀಟೆಲೆಯಂತೆ ಕಲಸಿ ಶೇ 80, ಶೇ 20 ಎಂದು ಹಂಚಿದ್ದರೆ, ಒಂದೇ ಭೂಕಂಪದ ಹಿಂದಿನ ಸೋಮವಾರ ತರಬೇತಿಗೂ ಮಂಗಳವಾರ ಪರೀಕ್ಷೆಗೂ ಹೋಗಿರುತ್ತದೆ. ಎರಡೂ ದಿನ ಅಯಾನುಗೋಳ ಬಹುತೇಕ ಒಂದೇ ರೀತಿ ಇರುವುದರಿಂದ ಮಾಡೆಲ್ ಉತ್ತರಪತ್ರಿಕೆಯನ್ನು ಮೊದಲೇ ನೋಡಿದಂತಾಯಿತು. ಕಾಲದ ಪ್ರಕಾರವೇ ಕತ್ತರಿಸಿ: 1998ರಿಂದ 2012 ತರಬೇತಿಗೆ, 2013ರಿಂದ 2016 ಹೊಂದಾಣಿಕೆಗೆ, 2017ರ ನಂತರದ್ದು ಪರೀಕ್ಷೆಗೆ. ನಡುವೆ ಕನಿಷ್ಠ 30 ದಿನ ಖಾಲಿ ಬಿಡಿ. ಪರೀಕ್ಷೆಯ ಅವಧಿ 2019-20ರ ಸುತ್ತಲಿನ ಸೌರ ಶಾಂತಿಯಲ್ಲೇ ಮುಗಿಯದಂತೆ, ನಂತರದ ಚುರುಕಿನ ವರ್ಷಗಳೂ ಸೇರುವಂತೆ ನೋಡಿಕೊಳ್ಳಿ. ಪರೀಕ್ಷಾ ಭಾಗವನ್ನು ಒಂದೇ ಸಲ ತೆರೆಯಿರಿ. ಅಂಕ ಕಡಿಮೆ ಬಂತೆಂದು ಹಿಂದೆ ಹೋಗಿ ಮಾಡೆಲ್ ತಿದ್ದಿದ ಕ್ಷಣ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ.

ಎರಡನೆಯ ಸೋರಿಕೆ ಶಾಂತ ದಿನಗಳ ಆಯ್ಕೆಯಲ್ಲಿ. ಭೂಕಂಪದ ಉದಾಹರಣೆಗಳು ಫಲಕಗಳ ಅಂಚಿನಿಂದ, ಶಾಂತ ಉದಾಹರಣೆಗಳು ಖಂಡಗಳ ನಡುಮಧ್ಯದಿಂದ ಬಂದಿದ್ದರೆ ಮಾಡೆಲ್ ಕಲಿತದ್ದು ಭೂಪಟವನ್ನು. ಪ್ರತಿ ಭೂಕಂಪಕ್ಕೂ ಅದೇ ಜಾಗ, ಅದೇ ತಿಂಗಳು, ಅದೇ ಹೊತ್ತು, ಆದರೆ ಬೇರೆ ವರ್ಷದ ಶಾಂತ ದಿನಗಳನ್ನು ಜೋಡಿಯಾಗಿ ಇಡಿ. ಸೌರ ಸೂಚಿಯೂ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಶಾಂತ ದಿನಗಳು ಸಾಲುವುದಿಲ್ಲ ಎಂದು ಒಂದು ಭೂಕಂಪಕ್ಕೆ ಒಂದೇ ಶಾಂತ ದಿನ ಇಟ್ಟು ತರಬೇತಿ ಕೊಡುವುದು ಸರಿ. ಅಂಕ ಹಾಕುವಾಗ ಮಾತ್ರ ಕ್ಯಾಲೆಂಡರಿನ ಎಲ್ಲ ದಿನಗಳೂ ಇರಲೇಬೇಕು.

ಆಮೇಲೆ ಮಾಡೆಲ್‌ನ ಕಾಲೆಳೆದು ನೋಡುವ ಪರೀಕ್ಷೆ. ಭೂಕಂಪಗಳ ಜಾಗ ಹಾಗೇ ಇಟ್ಟು ದಿನಾಂಕ ಮಾತ್ರ ಬದಲಿಸಿದ 1000 ಹುಸಿ ಪಟ್ಟಿಗಳನ್ನು ಮಾಡಿ. ಪ್ರತಿಯೊಂದಕ್ಕೂ ಅದೇ ತರಬೇತಿ, ಅದೇ ಪರೀಕ್ಷೆ. ಹುಸಿ ಪಟ್ಟಿಗಳಲ್ಲಿ 50ಕ್ಕಿಂತ ಹೆಚ್ಚು ನಿಮ್ಮ ನಿಜ ಪಟ್ಟಿಯ ಅಂಕವನ್ನು ಮುಟ್ಟಿದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಫಲಿತಾಂಶವನ್ನು ಮೊಲ್ಚಾನ್ ನಕ್ಷೆಯಲ್ಲಿ ತೋರಿಸಿ: ಅಡ್ಡರೇಖೆಯ ಮೇಲೆ ಎಚ್ಚರಿಕೆಯಲ್ಲಿ ಕಳೆದ ಸಮಯ-ಜಾಗದ ಪಾಲು, ಲಂಬರೇಖೆಯ ಮೇಲೆ ತಪ್ಪಿಹೋದ ಭೂಕಂಪಗಳ ಪಾಲು. ಕರ್ಣರೇಖೆಯ ಮೇಲೆ ಬಿದ್ದರೆ ನಾಣ್ಯ ಚಿಮ್ಮಿದಷ್ಟೇ.

ಜಾಲ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಭ್ರಮೆಯನ್ನೂ ಬಿಡಿ. 2018ರಲ್ಲಿ ಪಶ್ಚಾತ್ ಕಂಪನಗಳು ಎಲ್ಲಿ ಬೀಳುತ್ತವೆ ಎಂದು ಹೇಳುವ, 13,451 ನಿಯತಾಂಕಗಳ (ತರಬೇತಿಯಲ್ಲಿ ಹೊಂದಿಸುವ ಸಂಖ್ಯೆಗಳು) ಆಳ ಜಾಲವೊಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿ ಹೆಸರು ಮಾಡಿತು. ಮರುವರ್ಷ ಅದೇ ಪತ್ರಿಕೆಯಲ್ಲಿ ಮಿನ್ಯಾನ್ ಮತ್ತು ಬ್ರೊಕಾರ್ಡೊ, ಎರಡೇ ನಿಯತಾಂಕಗಳ ಲಾಜಿಸ್ಟಿಕ್ ರಿಗ್ರೆಷನ್ ಅಷ್ಟೇ ಚೆನ್ನಾಗಿ ಹೇಳುತ್ತದೆ ಎಂದು ತೋರಿಸಿದರು. ನಿಮ್ಮ ಎಲ್‌ಎಸ್‌ಟಿಎಂ ಪಕ್ಕದಲ್ಲಿ ಅಂಥದೊಂದು ಸರಳ ಮಾಡೆಲ್‌ನ ಅಂಕವೂ ಕೋಷ್ಟಕದಲ್ಲಿ ಇರಬೇಕು. ಇಷ್ಟೆಲ್ಲ ಮಾಡಿ ‘ಸುಳಿವು ಸಿಗಲಿಲ್ಲ’ ಎಂದು ಬಂದರೆ ಅದನ್ನೇ ಪ್ರಕಟಿಸಿ. ಈ ಕ್ಷೇತ್ರಕ್ಕೆ ಅಂಥ ಪ್ರಾಮಾಣಿಕ ಪ್ರಬಂಧಗಳ ಅಗತ್ಯ ಬಹಳ ಇದೆ.

ಪ್ರಶ್ನೆ: 2011ರ ಜಪಾನ್ ಭೂಕಂಪಕ್ಕೆ 40 ನಿಮಿಷ ಮುಂಚೆಯೇ ಆಕಾಶದಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚಿದ್ದವು ಎಂದು ಓದಿದ್ದೇನೆ. ನಿಜವೇ?

ಉತ್ತರ: ಹಾಗೆಂದು ಜಪಾನಿನ ವಿಜ್ಞಾನಿ ಕೊಸುಕೆ ಹೆಕಿ ಅದೇ ವರ್ಷ ವರದಿ ಮಾಡಿದರು. 2011ರ ಮಾರ್ಚ್ 11ರಂದು ನಡೆದ ಪ್ರಮಾಣ 9ರ ತೊಹೊಕು ಭೂಕಂಪವನ್ನು ಜಪಾನಿನ ಸಾವಿರಕ್ಕೂ ಹೆಚ್ಚಿನ ಜಿಪಿಎಸ್ ರಿಸೀವರ್‌ಗಳ ದಟ್ಟ ಜಾಲ ನೋಡುತ್ತಿತ್ತು. ತಕರಾರು ಇರುವುದು ಹೋಲಿಕೆಯ ಗೆರೆಯನ್ನು ಎಳೆದ ರೀತಿಯಲ್ಲಿ. ಭೂಕಂಪಕ್ಕೆ ಮುಂಚಿನ ಭಾಗವನ್ನೂ ನಂತರದ ಭಾಗವನ್ನೂ ಜೋಡಿಸಿ ವಕ್ರರೇಖೆ ಎಳೆದು, ಅದಕ್ಕಿಂತ ಮೇಲಿರುವುದನ್ನು ಏರಿಕೆ ಎನ್ನಲಾಯಿತು. ಆದರೆ ಸುನಾಮಿ ಎಬ್ಬಿಸಿದ ಅಲೆಗಳಿಂದ ಭೂಕಂಪದ ನಂತರ ಎಲೆಕ್ಟ್ರಾನ್ ಪ್ರಮಾಣ ತಗ್ಗುತ್ತದೆ. ತಗ್ಗಿದ ತುದಿಗೆ ಗೆರೆ ಕಟ್ಟಿದರೆ ಮುಂಚಿನ ಸಹಜ ಭಾಗವೇ ಉಬ್ಬಿದಂತೆ ಕಾಣುತ್ತದೆ ಎಂದು 2013ರಲ್ಲಿ ಕಾಮೊಗಾವಾ ಮತ್ತು ಕಾಕಿನಾಮಿ ವಾದಿಸಿದರು. ಆ ದಿನ ಭೂಕಾಂತೀಯ ಕ್ಷೋಭೆಯೂ ಇತ್ತು. ಹೆಕಿ ಬೇರೆ ವಿಧಾನಗಳಿಂದ ಉತ್ತರ ಕೊಟ್ಟಿದ್ದಾರೆ, ಚರ್ಚೆ ಮುಂದುವರಿದಿದೆ. ನಿಮ್ಮ ಕೆಲಸಕ್ಕೆ ಬೇಕಾದ ಪಾಠ ಇಷ್ಟು: ಹೋಲಿಕೆಯ ಗೆರೆ ಎಳೆಯಲು ಭೂಕಂಪದ ನಂತರದ ಒಂದು ಬಿಂದುವನ್ನೂ ಬಳಸಬೇಡಿ. ಎಚ್ಚರಿಕೆ ಕೊಡಬೇಕಾದ ಗಳಿಗೆಯಲ್ಲಿ ಆ ಬಿಂದು ನಿಮ್ಮ ಬಳಿ ಇರುವುದಿಲ್ಲ.

ಪ್ರಶ್ನೆ: ರೇಡಾನ್ ಅಳೆಯುವ ಯಂತ್ರವನ್ನು ಕಾಲೇಜಿನ ಅಂಗಳದಲ್ಲಿ ಹೂತಿಟ್ಟು ದತ್ತಾಂಶ ಸಂಗ್ರಹಿಸಬಹುದೇ?

ಉತ್ತರ: ಖಂಡಿತ. ಆದರೆ ನಿಮ್ಮ ಯಂತ್ರ ಮೊದಲು ತೋರಿಸುವುದು ಹವೆಯನ್ನು. ಗಾಳಿಯ ಒತ್ತಡ ಇಳಿದರೆ ಮಣ್ಣಿನೊಳಗಿನ ಅನಿಲ ಮೇಲೆ ಎಳೆದುಕೊಂಡು ಬರುತ್ತದೆ. ಮಳೆ ಬಿದ್ದು ಮೇಲ್ಮಣ್ಣಿನ ರಂಧ್ರ ಮುಚ್ಚಿದರೆ ಕೆಳಗೆ ರೇಡಾನ್ ಕೂಡಿಕೊಳ್ಳುತ್ತದೆ. ಹಗಲು-ರಾತ್ರಿಯ ಬಿಸಿಯೂ ಏರಿಳಿಸುತ್ತದೆ. ಶೋಧಕವನ್ನು ಸುಮಾರು ಒಂದು ಮೀಟರ್ ಆಳದಲ್ಲಿಡಿ, ಗುಂಡಿಯ ಬಾಯಿಯನ್ನು ಜೇಡಿಮಣ್ಣಿನಿಂದ ಭದ್ರವಾಗಿ ಮುಚ್ಚಿ. ಪಕ್ಕದಲ್ಲೇ ಒತ್ತಡ, ತಾಪ, ಮಳೆ, ಮಣ್ಣಿನ ತೇವ ಅಳೆಯುವ ಸಂವೇದಕಗಳಿರಲಿ. ಎಲ್ಲವೂ ಗಂಟೆಗೊಮ್ಮೆ ಒಂದೇ ಗಡಿಯಾರದ ಪ್ರಕಾರ ಬರೆಯಲಿ. ಆಲ್ಫಾ ಕಣಗಳ ಗುರುತು ಉಳಿಸಿಕೊಳ್ಳುವ ಸಿಆರ್-39 ಪ್ಲಾಸ್ಟಿಕ್ ಹಾಳೆ ಅಗ್ಗ, ಆದರೆ ವಾರಗಟ್ಟಲೆ ಇಟ್ಟು ತೆಗೆದಾಗ ಸಿಗುವುದು ಆ ಅವಧಿಯ ಸರಾಸರಿ ಮಾತ್ರ, ಈ ಕೆಲಸಕ್ಕೆ ಸಾಲದು. ಮಳೆಗಾಲಗಳ ಪರಿಣಾಮ ಕಲಿಸಲು ಎರಡು-ಮೂರು ವರ್ಷದ ದಾಖಲೆ ಬೇಕು. ಹವೆಯಿಂದ ರೇಡಾನ್ ಎಷ್ಟಿರಬೇಕು ಎಂದು ಹೇಳಲು ಡಿಸಿಷನ್ ಟ್ರೀಗಳ (ಹೌದು-ಅಲ್ಲ ಪ್ರಶ್ನೆಗಳ ಕವಲುಗಳಲ್ಲಿ ಸಾಗುವ ಮಾಡೆಲ್‌ಗಳು) ಗುಂಪು ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದ ಶೇಷವನ್ನು ಗಮನಿಸಿ.

ರೇಡಾನ್‌ನ ಅರ್ಧಾಯುಷ್ಯ 3.8 ದಿನ. ಹತ್ತು ಕಿಲೋಮೀಟರ್ ಆಳದಿಂದ ಅದು ತಾನಾಗಿ ಹರಡಿಕೊಂಡು ಮೇಲೆ ಬರುವಷ್ಟರಲ್ಲಿ ಉಳಿದಿರುವುದಿಲ್ಲ, ನೀವು ಅಳೆಯುವುದು ಮೇಲ್ಪದರದ ಬದಲಾವಣೆಯನ್ನೇ. 1995ರ ಜನವರಿ 17ರ ಕೋಬೆ ಭೂಕಂಪಕ್ಕೆ 9 ದಿನ ಮುನ್ನ ಅಲ್ಲಿನ ಅಂತರ್ಜಲದ ರೇಡಾನ್, ಅಳತೆ ಆರಂಭವಾದಾಗ ಇದ್ದುದರ 10 ಪಟ್ಟಿಗೂ ಹೆಚ್ಚಾಗಿತ್ತು. ಇಂಥ ಸ್ಪಷ್ಟ ದಾಖಲೆಗಳು ವಿರಳ, ಹಾಗಾಗಿಯೇ ಎಲ್ಲರೂ ಅದನ್ನೇ ಮತ್ತೆಮತ್ತೆ ಉಲ್ಲೇಖಿಸುತ್ತಾರೆ.

ಪ್ರಶ್ನೆ: ಉಪಗ್ರಹದ ಉಷ್ಣಚಿತ್ರಗಳಲ್ಲಿ ಭೂಕಂಪಕ್ಕೆ ಮುಂಚೆ ನೆಲ ಬಿಸಿಯಾಗುವುದು ಕಾಣುತ್ತದಂತೆ?

ಉತ್ತರ: 2001ರ ಜನವರಿ 26ರ ಭುಜ್ ಭೂಕಂಪಕ್ಕೆ ಮುನ್ನ ಹಾಗೆ ಕಂಡಿತೆಂದು ವರದಿಗಳು ಬಂದವು. 2011ರಲ್ಲಿ ಹಲವು ವರ್ಷಗಳ ಮೋಡಿಸ್ ಎಂಬ ಉಪಗ್ರಹ ಸಂವೇದಕದ ದತ್ತಾಂಶವನ್ನು ಮರುಪರಿಶೀಲಿಸಿದಾಗ ಭೂಕಂಪಕ್ಕೆ ಜೋಡಿಸಬಹುದಾದ ಬಿಸಿ ಸಿಗಲಿಲ್ಲ. ಮೋಡದಿಂದಾದ ಖಾಲಿ ಜಾಗಗಳೇ ಹುಸಿ ಬಿಸಿ ಹುಟ್ಟಿಸಬಲ್ಲವು ಎಂಬುದು ಸ್ಪಷ್ಟವಾಯಿತು. ಅವಗೆಂಪು ಕಿರಣ ಮೋಡ ದಾಟುವುದಿಲ್ಲ. ಹಗಲಲ್ಲಿ ಮೋಡವಿಲ್ಲದ ಚೌಕಗಳು ಸಹಜವಾಗಿಯೇ ಬಿಸಿ, ಅವನ್ನಷ್ಟೇ ಸರಾಸರಿಗೆ ತೆಗೆದುಕೊಂಡರೆ ಇಡೀ ಪ್ರದೇಶ ಕಾದಂತೆ ಕಾಣುತ್ತದೆ. ರಾತ್ರಿಯ ಚಿತ್ರಗಳನ್ನು ಬಳಸಿ, ಮೋಡದ ಪಾಲನ್ನೂ ಮಾಡೆಲ್‌ಗೆ ಒಂದು ಅಂಕಣವಾಗಿ ಕೊಡಿ. ಉದ್ದಗೆರೆಯಂಥ ‘ಭೂಕಂಪ ಮೋಡ’ಗಳ ಬಗ್ಗೆ ಕೇಳಿದವರಿಗೂ ಇಲ್ಲೇ ಉತ್ತರ: ಅವು ಗಾಳಿಯ ಅಲೆಗಳಿಂದಲೋ ವಿಮಾನಗಳ ಹೊಗೆಯಿಂದಲೋ ಆದವು, ಸುಳಿವಲ್ಲ.

ಪ್ರಶ್ನೆ: ಫೋನಿಗೆ ಭೂಕಂಪದ ಎಚ್ಚರಿಕೆ ಬರುತ್ತದಲ್ಲ, ಅದು ಮುನ್ಸೂಚನೆಯೇ ತಾನೆ?

ಉತ್ತರ: ಅಲ್ಲ. ಆಗಲೇ ಬಂಡೆ ಸೀಳಿರುತ್ತದೆ. ಮೊದಲು ಬರುವ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಹೆಚ್ಚು ಹಾನಿ ಮಾಡುವ ಎಸ್ ಅಲೆ ಸುಮಾರು 3.5 ಕಿಲೋಮೀಟರ್ ಓಡುತ್ತದೆ. ಕೇಂದ್ರದ ಹತ್ತಿರದ ಯಂತ್ರ ಪಿ ಅಲೆ ಹಿಡಿದು ಸಂದೇಶ ಕಳುಹಿಸಿದರೆ, 100 ಕಿಲೋಮೀಟರ್ ದೂರದವರಿಗೆ ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿನ ಆಸುಪಾಸು ಸಿಗುತ್ತದೆ. ಕೇಂದ್ರದ ಪಕ್ಕದಲ್ಲಿದ್ದವರಿಗೆ ಏನೂ ಸಿಗುವುದಿಲ್ಲ. ಆದರೂ ಇದು ಜೀವ ಉಳಿಸುವ ಕೆಲಸ. ಎಚ್ಚರಿಕೆ ಬಂದರೆ ಮೇಜಿನಡಿ ಕೂತು, ತಲೆ ಮುಚ್ಚಿ, ಮೇಜಿನ ಕಾಲು ಹಿಡಿದುಕೊಳ್ಳಿ. ಮೆಟ್ಟಿಲಿನತ್ತ ಓಡಬೇಡಿ.

ಪ್ರಶ್ನೆ: ಹಾಗಾದರೆ ಭೂಕಂಪಕ್ಕೂ ಅಯಾನುಗೋಳಕ್ಕೂ ಸಂಬಂಧವೇ ಇಲ್ಲವೇ?

ಉತ್ತರ: ಭೂಕಂಪ ಆದ ನಂತರ ಸಂಬಂಧ ಗಟ್ಟಿಯಾಗಿಯೇ ಇದೆ. ನೆಲ ಮತ್ತು ಕಡಲ ಮೇಲ್ಮೈ ಮೇಲೆ-ಕೆಳಗೆ ಕುಲುಕಿದಾಗ ಗಾಳಿಯಲ್ಲಿ ಒತ್ತಡದ ಅಲೆ ಏಳುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಅದರ ಏರಿಳಿತ ಬೆಳೆಯುತ್ತಲೇ ಹೋಗಿ, 8ರಿಂದ 10 ನಿಮಿಷದಲ್ಲಿ ಅಯಾನುಗೋಳವನ್ನು ಅಲುಗಾಡಿಸುತ್ತದೆ. ಸುನಾಮಿ ಅಲೆಯನ್ನು ತೆರೆದ ಕಡಲಿನಲ್ಲೇ ಗುರುತಿಸಲು ಇದನ್ನು ಬಳಸಲಾಗುತ್ತಿದೆ.

ಪ್ರಾಜೆಕ್ಟ್ ಮಾಡುವವರಿಗೆ ಇದು ದೊಡ್ಡ ಉಪಕಾರಿ. ನಿಮ್ಮ ಇಡೀ ಕೋಡ್ ಬರೆದಾದ ಮೇಲೆ ಮೊದಲು ತೊಹೊಕು ಭೂಕಂಪದ ದಿನದ ರೈನೆಕ್ಸ್ ಕಡತಗಳನ್ನು ಓಡಿಸಿ. ಕಂಪನ ಶುರುವಾದದ್ದು ಅಂತರರಾಷ್ಟ್ರೀಯ ಸಮಯ 5:46ಕ್ಕೆ. ಸಂಕೇತದಲ್ಲಿ 1ರಿಂದ 10 ಮಿಲಿಹರ್ಟ್ಸ್ ನಡುವಿನ ಭಾಗವನ್ನಷ್ಟೇ ಸೋಸಿ ಉಳಿಸಿಕೊಂಡು, 5:55ರ ನಂತರ ಕೇಂದ್ರದ ಮೇಲಿನಿಂದ ಸುತ್ತಲೂ ಹರಡುವ ಉಂಗುರ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ತಪ್ಪು ನಿಮ್ಮ ಕೋಡಿನಲ್ಲೇ ಇದೆ: ಸಂಕೇತದ ಹಾರಿಕೆಗಳನ್ನು ಸರಿಪಡಿಸುವ ಹಂತ ಅಲೆಯನ್ನೂ ಅಳಿಸಿಹಾಕಿರಬಹುದು, ಇಲ್ಲವೇ ಜಿಪಿಎಸ್ ಸಮಯವನ್ನು ಸ್ಥಳೀಯ ಸಮಯವೆಂದು ಓದಿರಬಹುದು. ಅದು ಸರಿಹೋಗುವವರೆಗೆ ಇದಕ್ಕಿಂತ ಎಷ್ಟೋ ಕ್ಷೀಣವಾದ ಸುಳಿವನ್ನು ಹುಡುಕಲು ಹೊರಡಬೇಡಿ.